ಬಿಯರ್ಡೆಡ್ ಡ್ರ್ಯಾಗನ್‌ಗೆ ಎಂಥ ಗೂಡು? ಗಾಜು, ಮರ ಮತ್ತು ಪಿವಿಸಿ ಗೂಡುಗಳ ಹೋಲಿಕೆ

ಊರಿನ ಬೇಲಿಯ ಕಲ್ಲುಗೂಟದ ಮೇಲೆ ಓತಿಕ್ಯಾತ ಬಿಸಿಲು ಕಾಯಿಸುವುದನ್ನು ನೋಡಿದವರಿಗೆ ಈ ಬರಹದ ಅರ್ಧ ವಿಷಯ ಆಗಲೇ ಗೊತ್ತಿದೆ. ಬೆಳಗಿನ ಎಳೆಬಿಸಿಲಿಗೆ ಅದು ಮೈಯ ಒಂದು ಮಗ್ಗುಲನ್ನು ಒಡ್ಡಿ ಕೂರುತ್ತದೆ, ಮೈ ಕಾದ ಮೇಲೆ ಹುಳ ಹಿಡಿಯಲು ಕೆಳಗಿಳಿಯುತ್ತದೆ, ಬಿಸಿಲೇರಿದಾಗ ಪೊದೆಯ ನೆರಳಿಗೆ ಸರಿಯುತ್ತದೆ, ಇಳಿಹೊತ್ತಿಗೆ ಮತ್ತೆ ಗೂಟಕ್ಕೆ ಬರುತ್ತದೆ. ತನ್ನ ಮೈಯ ಬಿಸಿಯನ್ನು ಒಳಗಿನಿಂದ ಹುಟ್ಟಿಸಿಕೊಳ್ಳಲಾರದ ಈ ಜೀವಿ ದಿನವಿಡೀ ಜಾಗ ಬದಲಿಸುವುದರಿಂದಲೇ ಬದುಕುತ್ತದೆ. ಮನೆಯೊಳಗೆ ಸಾಕುವ ಯಾವುದೇ ಓತಿಗೆ ಅಥವಾ ಹಲ್ಲಿಗೆ ನಾವು ಕಟ್ಟಿಕೊಡಬೇಕಾದದ್ದು ಜಾಗ ಬದಲಿಸುವ ಈ ಸ್ವಾತಂತ್ರ್ಯವನ್ನು. ಗಾಜೋ ಮರವೋ, ಯಾವ ದೀಪ, ಯಾವ ತಳಹಾಸು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಬೇಕಾದದ್ದು ಅಲ್ಲಿಂದ.

ನಾನು ಇಂಗ್ಲೆಂಡಿನ ಉತ್ತರ ಭಾಗದಲ್ಲಿದ್ದೇನೆ. ಇಲ್ಲಿಯೂ ಅಮೆರಿಕದಲ್ಲಿಯೂ ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಮೊದಲು ಕೇಳುವ ಸರೀಸೃಪ ಬಿಯರ್ಡೆಡ್ ಡ್ರ್ಯಾಗನ್. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಆಸ್ಟ್ರೇಲಿಯದ ಒಳನಾಡಿನ ಒಣ ಬಯಲುಗಳ ಈ ಪ್ರಾಣಿಯ ವೈಜ್ಞಾನಿಕ ಹೆಸರು ಪೊಗೋನಾ ವಿಟ್ಟಿಸೆಪ್ಸ್. ನಮ್ಮ ಓತಿಕ್ಯಾತವೂ ಇದೂ ಅಗಾಮಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಗೊತ್ತಾದ ಮೇಲೆ ಅದರ ನಡವಳಿಕೆಯಲ್ಲಿ ನನಗೆ ಅಪರಿಚಿತವೆನಿಸುವುದು ಬಹಳ ಉಳಿಯಲಿಲ್ಲ.

ಗೂಡನ್ನು ಆರಿಸುವ ಮೊದಲು ಪ್ರಾಣಿಯನ್ನು ಆರಿಸಬೇಕು. ಅಂಗಡಿಯಲ್ಲಿ ಚೆಂದದ ಪೆಟ್ಟಿಗೆಯೊಂದನ್ನು ಕಂಡು, ಇದರಲ್ಲಿ ಏನು ಸಾಕಬಹುದು ಎಂದು ಕೇಳುವವರನ್ನು ನಾನು ನೋಡಿದ್ದೇನೆ. ಆ ಕ್ರಮ ತಲೆಕೆಳಗಾದದ್ದು. ಡ್ರ್ಯಾಗನ್ ಹಗಲಿನ ಪ್ರಾಣಿ. ಅದಕ್ಕೆ ತೀವ್ರ ಬಿಸಿಲು, ಒಣ ಗಾಳಿ ಮತ್ತು ಉದ್ದನೆಯ ನೆಲ ಬೇಕು. ಲೆಪರ್ಡ್ ಗೆಕ್ಕೊ ಸಂಜೆಯಿಂದಾಚೆಗೆ ಓಡಾಡುವ ಹಲ್ಲಿ. ಅದರ ಕಾಲ್ಬೆರಳುಗಳಿಗೆ ನಮ್ಮ ಮನೆಯ ಹಲ್ಲಿಗಳಂತೆ ಗೋಡೆಗೆ ಅಂಟುವ ಶಕ್ತಿಯಿಲ್ಲ, ಆದ್ದರಿಂದ ಎತ್ತರಕ್ಕಿಂತ ನೆಲದ ಅಗಲ, ಅಡಗುವ ಬಿಲಗಳು ಮತ್ತು ಪೊರೆ ಕಳಚಲು ಒಂದು ತೇವದ ಮೂಲೆ ಅದಕ್ಕೆ ಮುಖ್ಯ, 90 ಸೆಂ.ಮೀ. ಉದ್ದ ಮತ್ತು 45 ಸೆಂ.ಮೀ. ಅಗಲದ ಗೂಡು ಸಾಕಾಗುತ್ತದೆ. ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕ್ಕೊ ಮರವೇರುವ ಹಲ್ಲಿಯಾದ್ದರಿಂದ ಎತ್ತರದ ಗೂಡು ಮತ್ತು ತೇವದ ಗಾಳಿ ಬೇಡುತ್ತದೆ. ಕೋಣೆಯ ಉಷ್ಣತೆ 28 ಡಿಗ್ರಿ ದಾಟಿದರೆ ಅದು ಬಳಲತೊಡಗುತ್ತದೆ. ಹಸಿರು ಇಗ್ವಾನದ ಮರಿಯನ್ನು ಅಂಗೈಯಲ್ಲಿ ಹಿಡಿದು ಆಸೆಪಡುವವರಿಗೆ ಒಂದೇ ಮಾತು: ಅದು ಬಾಲ ಸೇರಿ ಒಂದೂವರೆ ಮೀಟರಿಗೂ ಮೀರಿ ಬೆಳೆಯುತ್ತದೆ, ಅದಕ್ಕೆ ಬೇಕಾಗುವುದು ಪೆಟ್ಟಿಗೆಯಲ್ಲ, ಒಂದು ಕೋಣೆ. ಈ ನಾಲ್ಕರ ಅಗತ್ಯಗಳು ಇಷ್ಟು ದೂರದೂರ ಇರುವಾಗ ಎಲ್ಲಕ್ಕೂ ಹೊಂದುವ ಗೂಡೆಂಬುದು ಇರಲು ಸಾಧ್ಯವಿಲ್ಲ. ಇನ್ನು ಮುಂದೆ ನಾನು ಹೇಳುವುದು ಮುಖ್ಯವಾಗಿ ಡ್ರ್ಯಾಗನ್‌ನ ವಿಚಾರ.

ಅಳತೆ

ಪೂರ್ತಿ ಬೆಳೆದ ಡ್ರ್ಯಾಗನ್ ಮೂಗಿನಿಂದ ಬಾಲದ ತುದಿಯವರೆಗೆ 45ರಿಂದ 60 ಸೆಂ.ಮೀ. ಇರುತ್ತದೆ. ಅದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ಕನಿಷ್ಠ ಎಂದು ಇಟ್ಟುಕೊಳ್ಳಬೇಕು. ಮೂರು ಅಡಿಯ ಪೆಟ್ಟಿಗೆಗಳನ್ನು 'ಡ್ರ್ಯಾಗನ್ ಕಿಟ್' ಎಂಬ ಹೆಸರಿನಲ್ಲಿ ಈಗಲೂ ಮಾರುತ್ತಾರೆ. ಅವುಗಳ ತೊಂದರೆ ಓಡಾಡುವ ಜಾಗ ಕಡಿಮೆಯಾಗುವುದಷ್ಟೇ ಅಲ್ಲ. ಡ್ರ್ಯಾಗನ್‌ಗೆ ಮೈ ಕಾಯಿಸುವ ಕಲ್ಲಿನ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ ಇನ್ನೊಂದು ತುದಿ 24ರಿಂದ 27 ಡಿಗ್ರಿಯಲ್ಲಿಯೂ ಇರಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಒಂದು ತುದಿಯನ್ನು ಅಷ್ಟು ಕಾಯಿಸಿದರೆ ಇನ್ನೊಂದು ತುದಿಯೂ ಕಾದುಬಿಡುತ್ತದೆ, ತಂಪಿಗೆ ಸರಿಯಲು ಹೊರಟ ಪ್ರಾಣಿಗೆ ತಂಪೇ ಸಿಗುವುದಿಲ್ಲ. ಮರಿಗೆ ದೊಡ್ಡ ಗೂಡು ಹೆದರಿಕೆ ತರುತ್ತದೆ, ಆದ್ದರಿಂದ ಮೊದಲು ಚಿಕ್ಕದು, ಆಮೇಲೆ ದೊಡ್ಡದು ಎಂಬ ಸಲಹೆಯನ್ನೂ ಕೇಳುತ್ತೀರಿ. ಅಡಗುವ ಜಾಗಗಳು ಮೂರ್ನಾಲ್ಕಿದ್ದರೆ ಮರಿಯೂ ದೊಡ್ಡ ಗೂಡಿನಲ್ಲಿ ನೆಮ್ಮದಿಯಾಗಿರುತ್ತದೆ ಎಂಬುದು ನನ್ನ ಅನುಭವ, ಮೇಲಾಗಿ ಎರಡು ಗೂಡು ಕೊಳ್ಳುವ ದುಡ್ಡು ಉಳಿಯುತ್ತದೆ.

ಜೋಡಿ ಇದ್ದರೆ ಬೇಸರವಾಗುವುದಿಲ್ಲ ಎಂದುಕೊಂಡು ಎರಡು ಡ್ರ್ಯಾಗನ್‌ಗಳನ್ನು ಒಂದೇ ಗೂಡಿನಲ್ಲಿ ಇಡಲೇಬಾರದು. ಗಂಡುಗಳು ಕಾದಾಡುತ್ತವೆ. ಒಂದರ ಮೇಲೊಂದು ಏರಿ ಕೂತ ಮರಿಗಳನ್ನು ಕಂಡು ನಾವು ಪ್ರೀತಿ ಎಂದುಕೊಳ್ಳುತ್ತೇವೆ, ನಿಜದಲ್ಲಿ ಮೇಲಿನದು ಕೆಳಗಿನದರ ಬಿಸಿಲನ್ನು ಕಸಿದುಕೊಳ್ಳುತ್ತಿರುತ್ತದೆ.

ಗಾಜು, ಮರ, ಪಿವಿಸಿ

ಗಾಜಿನ ಗೂಡು ನೋಟಕ್ಕೆ ಎಲ್ಲಕ್ಕಿಂತ ಚೆಂದ, ತೊಳೆಯಲು ಸುಲಭ, ನೀರು ಚೆಲ್ಲಿದರೆ ಹಾಳಾಗುವುದಿಲ್ಲ. ಆದರೆ ಗಾಜು ಬಿಸಿಯನ್ನು ಹಿಡಿದಿಡುವುದಿಲ್ಲ. ಸಾಮಾನ್ಯವಾಗಿ ಮೇಲ್ಭಾಗಕ್ಕೆ ಲೋಹದ ಜಾಲರಿ ಇರುತ್ತದೆ, ಕಾದ ಗಾಳಿ ಅದರ ಮೂಲಕ ನೇರವಾಗಿ ಹೊರಟುಹೋಗುತ್ತದೆ. ನಮ್ಮ ಮನೆಗೆ ಡ್ರ್ಯಾಗನ್ ಬಂದದ್ದು ನವೆಂಬರ್ ತಿಂಗಳಲ್ಲಿ, ಅಂಗಡಿಯವರು ಕೊಟ್ಟ ಮೂರು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ. ಕಂದುಗೆಂಪು ಮೈಯ ಆ ಮರಿಗೆ ಮಗಳು ಕೆಂಚ ಎಂದು ಹೆಸರಿಟ್ಟಳು. ರಾತ್ರಿ ಮನೆಯ ಹೀಟಿಂಗ್ ಆರಿದ ಮೇಲೆ ಪೆಟ್ಟಿಗೆಯೊಳಗಿನ ಉಷ್ಣತೆ 14 ಡಿಗ್ರಿಗೆ ಇಳಿಯುತ್ತಿತ್ತು. ಬೆಳಿಗ್ಗೆ ದೀಪ ಹತ್ತಿದ ಮೇಲೂ ಮಧ್ಯಾಹ್ನದ ಹೊತ್ತಿಗಷ್ಟೇ ಅದರ ಕಲ್ಲು ಸರಿಯಾಗಿ ಕಾಯುತ್ತಿತ್ತು. ಅಷ್ಟು ಹೊತ್ತಿಗೆ ಕೆಂಚ ತಿನ್ನುವ ಮನಸ್ಸನ್ನೇ ಕಳೆದುಕೊಂಡಿರುತ್ತಿದ್ದ.

ಗಾಜಿನ ಇನ್ನೊಂದು ತೊಡಕು ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಕೆಂಚ ಪೆಟ್ಟಿಗೆಯ ಮೂಲೆಯಲ್ಲಿ ಹಿಂಗಾಲ ಮೇಲೆ ನಿಂತು, ಮುಂಗಾಲುಗಳಿಂದ ಗಾಜನ್ನು ಒಂದೇ ಸಮನೆ ಪರಚುತ್ತಿದ್ದ. ಗಂಟಲಿನ ಕೆಳಗಿನ ಗಡ್ಡ ಉಬ್ಬಿ ಕಪ್ಪಗಾಗುತ್ತಿತ್ತು. ಅರ್ಧ ಗಂಟೆ ಹಾಗೆ ಪರಚಿ, ಸುಸ್ತಾಗಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗುತ್ತಿದ್ದ. ಹೊರಗೆ ಬರಬೇಕೆಂಬ ಆಸೆಯಿರಬೇಕೆಂದು ನಾವು ಅವನನ್ನು ಎತ್ತಿಕೊಳ್ಳುತ್ತಿದ್ದೆವು. ಒಂದು ಸಂಜೆ ಕೋಣೆಯ ದೀಪ ಆರಿಸಿ ಅವನ ಎತ್ತರಕ್ಕೆ ಬಗ್ಗಿ ನೋಡಿದಾಗ ಗಾಜಿನಲ್ಲಿ ನನಗೂ ಇನ್ನೊಬ್ಬ ಕೆಂಚ ಕಾಣಿಸಿದ. ಅವನು ಜಗಳವಾಡುತ್ತಿದ್ದದ್ದು ತನ್ನದೇ ಪ್ರತಿಬಿಂಬದ ಜೊತೆ. ಮೂರು ಬದಿಗಳಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದ ಮರುದಿನದಿಂದಲೇ ಪರಚುವುದು ಬಹುಪಾಲು ನಿಂತಿತು. ಗಾಜಿನ ಗೂಡನ್ನೇ ಆರಿಸುವವರು ಮೊದಲ ದಿನವೇ ಇದನ್ನು ಮಾಡಿಬಿಡುವುದು ಒಳ್ಳೆಯದು.

ಮರದ ಗೂಡು, ಅಂದರೆ ಮೂರು ಬದಿ ಮತ್ತು ಮೇಲ್ಭಾಗ ಮರದ ಪುಡಿಯನ್ನು ಒತ್ತಿ ಮಾಡಿ ಮೆಲಮೈನ್ ಎಂಬ ಪ್ಲಾಸ್ಟಿಕ್ ಪದರ ಹೊದಿಸಿದ ಹಲಗೆಯದಾಗಿದ್ದು ಮುಂಭಾಗಕ್ಕೆ ಮಾತ್ರ ಸರಿಯುವ ಗಾಜಿನ ಬಾಗಿಲುಗಳಿರುವಂಥದು, ಬ್ರಿಟನ್ನಿನಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ಕಾರಣ ಇಲ್ಲಿಯ ಚಳಿ. ಹಲಗೆ ಬಿಸಿಯನ್ನು ಹಿಡಿಯುತ್ತದೆ, ಅದೇ ದೀಪ ಕಡಿಮೆ ಹೊತ್ತು ಉರಿದು ಅದೇ ಉಷ್ಣತೆಯನ್ನು ಕೊಡುತ್ತದೆ. ಮೂರು ಕಡೆ ಗೋಡೆಯಿರುವುದರಿಂದ ಪ್ರಾಣಿಗೆ ಬೆನ್ನಿಗೊಂದು ಆಸರೆ ಸಿಗುತ್ತದೆ. ದೀಪಗಳನ್ನು ಒಳಗೇ ಜೋಡಿಸಬಹುದು. ಇದರ ಶತ್ರು ನೀರು. ಹಲಗೆಗಳ ಸಂದಿಯಲ್ಲಿ ತೇವ ಇಳಿದರೆ ಒಳಗಿನ ಮರದ ಪುಡಿ ಉಬ್ಬಿ ಅಂಚು ಬಾಯಿಬಿಡುತ್ತದೆ. ಆದ್ದರಿಂದ ಜೋಡಿಸಿದ ಕೂಡಲೇ ಎಲ್ಲ ಸಂದಿಗಳಿಗೂ ಮೀನಿನ ತೊಟ್ಟಿಗೆ ಬಳಸುವಂಥ ಸಿಲಿಕೋನ್ ಎಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದು ಒಣಗಲು ಬಿಡಬೇಕು. ಡ್ರ್ಯಾಗನ್‌ನ ಗೂಡಿನಲ್ಲಿ ತೇವಾಂಶ ಶೇಕಡಾ 30ರಿಂದ 40ರಷ್ಟಿದ್ದರೆ ಸಾಕಾದ್ದರಿಂದ ಮರ ಅದಕ್ಕೆ ಒಗ್ಗುತ್ತದೆ; ಪ್ರತಿದಿನ ನೀರು ಸಿಂಪಡಿಸಬೇಕಾದ ಕ್ರೆಸ್ಟೆಡ್ ಗೆಕ್ಕೊಗೆ ಇದೇ ಗೂಡು ವರ್ಷದೊಳಗೆ ಕೊಳೆತುಹೋದೀತು.

ಪಿವಿಸಿ ಹಲಗೆಯ ಗೂಡು ಈ ಎರಡರ ಒಳ್ಳೆಯ ಗುಣಗಳನ್ನೂ ಬಹುಮಟ್ಟಿಗೆ ಒಟ್ಟಿಗೆ ತರುತ್ತದೆ: ಹಗುರ, ಬಿಸಿಯನ್ನು ಹಿಡಿದಿಡುತ್ತದೆ, ನೀರಿಗೆ ಜಗ್ಗುವುದಿಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ, ಮೇಲಿನ ಮಹಡಿಯಲ್ಲಿ ಇರುವವರಿಗೆ ಅದರ ಹಗುರತನ ದೊಡ್ಡ ಅನುಕೂಲ. ಬೆಲೆ ಮಾತ್ರ ಹೆಚ್ಚು, ಮತ್ತು ಕಾದ ದೀಪ ಹಲಗೆಗೆ ತೀರಾ ಹತ್ತಿರವಾದರೆ ಪಿವಿಸಿ ಮೆತ್ತಗಾಗಿ ಬಾಗುತ್ತದೆ.

ನಾಲ್ಕೂ ಕಡೆ ಬಲೆಯಿರುವ ಪಂಜರಗಳನ್ನು ಡ್ರ್ಯಾಗನ್‌ಗೆ ಪರಿಗಣಿಸುವ ಅಗತ್ಯವೇ ಇಲ್ಲ.

ಹಾಗಾದರೆ ಯಾವುದು? ಚಳಿ ದೇಶದಲ್ಲಿ ಡ್ರ್ಯಾಗನ್ ಸಾಕುವವರಿಗೆ ನಾನು ಹಿಂಜರಿಕೆಯಿಲ್ಲದೆ ಮರದ ಗೂಡನ್ನು ಹೇಳುತ್ತೇನೆ. ಕೈಯಲ್ಲಿ ಹಣವಿದ್ದು ಮನೆ ಬದಲಿಸುವ ಸಾಧ್ಯತೆಯೂ ಇದ್ದರೆ ಪಿವಿಸಿ. ಮನೆಯೊಳಗೆ ವರ್ಷದ ಬಹುಪಾಲು 25 ಡಿಗ್ರಿಯ ಮೇಲೇ ಇರುವ ಊರುಗಳಲ್ಲಿ ಜಾಲರಿಯ ಮುಚ್ಚಳದ ಗಾಜಿನ ಗೂಡು ಒಗ್ಗುತ್ತದೆ, ಅಲ್ಲಿ ಬಿಸಿ ಹೊರಹೋಗುವುದೇ ಅನುಕೂಲ.

ಯುವಿಬಿ ದೀಪ

ಗೂಡಿಗೆ ಸುರಿದ ದುಡ್ಡು ಮುಗಿದುಹೋಗಿ, ದೀಪದಲ್ಲಿ ಉಳಿಸಲು ಹೊರಡುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಅದಕ್ಕೆ ಬೆಲೆ ತೆರುವುದು ಪ್ರಾಣಿ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಎಂಬ ಭಾಗ ಓತಿಯ ಚರ್ಮಕ್ಕೆ ಬಿದ್ದಾಗ ಅಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ಸೆಳೆದುಕೊಳ್ಳುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಬೆರಳುಗಳು ನಡುಗುತ್ತವೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ.

ಕಿಟಕಿಯ ಪಕ್ಕ ಇಟ್ಟರೆ ಬಿಸಿಲು ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ನೇರ ಬಿಸಿಲಿಗೆ ಸಿಕ್ಕ ಗಾಜಿನ ಗೂಡು ಸ್ವಲ್ಪ ಹೊತ್ತಿನಲ್ಲೇ ಒಲೆಯಂತಾಗಿ ಪ್ರಾಣಿ ಸಾಯಬಹುದು. ಗೂಡನ್ನು ಕಿಟಕಿಯಿಂದ ದೂರ ಇಡಬೇಕು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಯುವಿಬಿ ದೀಪಗಳಿವೆ. ಸುರುಳಿಯಾಕಾರದ ಚಿಕ್ಕ ಬಲ್ಬು ಅಗ್ಗ, ಕಿಟ್‌ಗಳ ಜೊತೆ ಬರುವುದು ಅದೇ. ಅದರ ಕಿರಣ ಒಂದು ಗೇಣಿನಷ್ಟು ಜಾಗಕ್ಕೆ ಬಿದ್ದು ಅಲ್ಲಿಗೇ ಕ್ಷೀಣಿಸುತ್ತದೆ, ಡ್ರ್ಯಾಗನ್‌ಗೆ ಅದು ಸಾಲದು. ಪಾದರಸದ ಆವಿಯ ದೀಪ ಬಿಸಿಯನ್ನೂ ಯುವಿಬಿಯನ್ನೂ ಒಟ್ಟಿಗೆ ಕೊಡುತ್ತದೆ, ಆದರೆ ಅದನ್ನು ಉಷ್ಣತೆಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಜೋಡಿಸಿ ತಗ್ಗಿಸಲಾಗದು, ಆದ್ದರಿಂದ ಸೆಕೆಯ ದಿನ ಗೂಡು ಮಿತಿಮೀರಿ ಕಾಯುತ್ತದೆ. ಉಳಿದದ್ದು ಟಿ5 ಎಂಬ ಉದ್ದನೆಯ ಕೊಳವೆ ದೀಪ, ಹಿಂದೆ ಬೆಳಕನ್ನು ಕೆಳಕ್ಕೆ ತಿರುಗಿಸುವ ತಗಡಿನ ಹೊದಿಕೆಯ ಸಮೇತ. ನಾಲ್ಕು ಅಡಿಯ ಗೂಡಿಗೆ 39 ವಾಟ್‌ನ, 34 ಅಂಗುಲದ, ಯುವಿಬಿ ಪ್ರಮಾಣ ಶೇಕಡಾ 10ರಿಂದ 12 ಎಂದು ಗುರುತಿಸಿದ ಕೊಳವೆ ಸರಿಹೊಂದುತ್ತದೆ. ಅದು ಗೂಡಿನ ಮೂರನೇ ಎರಡು ಭಾಗವನ್ನು ಬೆಳಗಿ, ಉಳಿದ ಭಾಗವನ್ನು ನೆರಳಿಗೆ ಬಿಡುತ್ತದೆ. ನೆರಳೂ ಅಷ್ಟೇ ಮುಖ್ಯ. ಬಿಸಿ ದೀಪವೂ ಯುವಿಬಿ ಕೊಳವೆಯೂ ಒಂದೇ ತುದಿಯಲ್ಲಿರಬೇಕು, ಏಕೆಂದರೆ ಹೊರಗಿನ ಬಿಸಿಲಿನಲ್ಲಿ ಅವೆರಡೂ ಜೊತೆಯಾಗಿಯೇ ಬರುತ್ತವೆ.

ದೂರದ ಲೆಕ್ಕವನ್ನು ಕಡೆಗಣಿಸಬಾರದು. ಜಾಲರಿ ಅಡ್ಡವಿಲ್ಲದೆ ಗೂಡಿನೊಳಗೇ ಕೊಳವೆಯಿದ್ದರೆ ಪ್ರಾಣಿಯ ಬೆನ್ನಿಗೂ ಅದಕ್ಕೂ ಸುಮಾರು 35ರಿಂದ 40 ಸೆಂ.ಮೀ. ಅಂತರವಿರಬೇಕು. ಜಾಲರಿಯ ಮೇಲೆ ಇಟ್ಟರೆ ಜಾಲರಿ ಯುವಿಬಿಯ ಮೂರನೇ ಒಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ನುಂಗಿಹಾಕುವುದರಿಂದ ಅಂತರ ಕಡಿಮೆಯಾಗಬೇಕು; ತಯಾರಕರು ಕೊಡುವ ಪಟ್ಟಿಯನ್ನು ನೋಡಿಯೇ ನಿರ್ಧರಿಸಬೇಕು. ಅಳತೆಗೆ ಯುವಿ ಸೂಚ್ಯಂಕ ತೋರಿಸುವ ಸೋಲಾರ್‌ಮೀಟರ್ 6.5 ಎಂಬ ಉಪಕರಣವಿದೆ. ಮೈ ಕಾಯಿಸುವ ಜಾಗದಲ್ಲಿ ಸೂಚ್ಯಂಕ 3ರಿಂದ 5ರ ನಡುವೆ ಬಂದರೆ ಸರಿ. ಅದು ದುಬಾರಿ, ಊರಿನಲ್ಲಿ ಸರೀಸೃಪ ಸಾಕುವವರಿದ್ದರೆ ಒಂದು ದಿನಕ್ಕೆ ಕೇಳಿ ತರಬಹುದು. ಕೊಳವೆಯ ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ, ಆದ್ದರಿಂದ ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ನಾನು ಹಾಕಿದ ದಿನಾಂಕವನ್ನು ಕೊಳವೆಯ ತುದಿಯಲ್ಲೇ ಮಾರ್ಕರ್ ಪೆನ್ನಿನಿಂದ ಬರೆಯುತ್ತೇನೆ.

ಬಿಸಿ, ಮತ್ತು ಅದರ ಕಡಿವಾಣ

ಹಗಲಿನ ಬಿಸಿಗೆ ಹ್ಯಾಲೊಜೆನ್ ದೀಪವನ್ನು ಮೀರಿಸಿದ್ದಿಲ್ಲ. ಅದರ ಬಿಸಿ ಸೂರ್ಯನದರಂತೆ ಚರ್ಮದಾಚೆಗೂ ಇಳಿಯುತ್ತದೆ. ಸೆರಾಮಿಕ್ ಹೀಟರ್ ಬೆಳಕಿಲ್ಲದ ಬಿಸಿ ಕೊಡುತ್ತದೆ. ಗೂಡು ರಾತ್ರಿ 18 ಡಿಗ್ರಿಗಿಂತ ಕೆಳಗಿಳಿಯುವ ಮನೆಗಳಲ್ಲಿ ಮಾತ್ರ ಅದು ಬೇಕು. ಕೆಂಪು ಅಥವಾ ನೀಲಿ 'ರಾತ್ರಿ ದೀಪ'ಗಳನ್ನು ಕೊಳ್ಳಬೇಡಿ. ಡ್ರ್ಯಾಗನ್ ಬಣ್ಣಗಳನ್ನು ಚೆನ್ನಾಗಿ ಕಾಣಬಲ್ಲದು, ಅದಕ್ಕೆ ಕತ್ತಲೆ ಬೇಕು. ಒಳಗೆ ತಂತಿಯಿರುವ ಬಿಸಿಗಲ್ಲುಗಳಂತೂ ಅಪಾಯಕಾರಿ, ಹೊಟ್ಟೆ ಸುಟ್ಟುಹೋಗುವವರೆಗೂ ಪ್ರಾಣಿ ಅದರ ಮೇಲಿಂದ ಏಳದೆ ಇರಬಹುದು.

ಥರ್ಮೋಸ್ಟಾಟ್‌ಗಳಲ್ಲೂ ಆಯ್ಕೆಯಿದೆ. ಉರಿಸಿ ಆರಿಸುವ ಅಗ್ಗದ ಬಗೆಯನ್ನು ಹ್ಯಾಲೊಜೆನ್‌ಗೆ ಜೋಡಿಸಿದರೆ ದೀಪ ದಿನವಿಡೀ ಮಿಣುಕುತ್ತಿರುತ್ತದೆ, ಬಲ್ಬೂ ಬೇಗ ಹೋಗುತ್ತದೆ. ಬೆಳಕನ್ನು ನಿಧಾನವಾಗಿ ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯೇ ಅದಕ್ಕೆ ತಕ್ಕದ್ದು. ಸೆರಾಮಿಕ್ ಹೀಟರ್‌ಗೆ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸುವ ಪಲ್ಸ್ ಬಗೆ ಸಾಕು. ಮರದ ಗೂಡಿನೊಳಗೆ ದೀಪವಿದ್ದಾಗ ಪಿಂಗಾಣಿಯ ಹೋಲ್ಡರ್ ಮತ್ತು ದೀಪದ ಸುತ್ತ ತಂತಿಯ ಪಂಜರ ಎರಡೂ ಕಡ್ಡಾಯ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಿಟ್‌ನ ಜೊತೆ ಬಂದ ಮುಳ್ಳಿನ ಥರ್ಮಾಮೀಟರನ್ನು ಹಿಂಬದಿಯ ಗೋಡೆಗೆ ಅಂಟಿಸಿ, ಅದು 32 ಡಿಗ್ರಿ ತೋರಿಸುತ್ತಿದೆಯೆಂದು ಇನ್ನೂ ಬಲವಾದ ದೀಪ ಹಾಕಿದ್ದೆ. ಕೆಂಚ ತನ್ನ ಕಲ್ಲಿನ ಮೇಲೆ ಕೂರುವುದನ್ನೇ ಬಿಟ್ಟು, ಬಾಯಿ ತೆರೆದುಕೊಂಡು ದೂರದ ಮೂಲೆಯಲ್ಲಿ ಇರತೊಡಗಿದ. ಗೆಳೆಯರೊಬ್ಬರು ತಂದ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಕಲ್ಲಿಗೆ ಹಿಡಿದಾಗ ಬಂದದ್ದು 51 ಡಿಗ್ರಿ. ಗೋಡೆಯ ಮೇಲಿನ ಗಾಳಿಯ ಬಿಸಿ ಬೇರೆ, ಪ್ರಾಣಿಯ ಹೊಟ್ಟೆ ತಾಗುವ ಕಲ್ಲಿನ ಬಿಸಿ ಬೇರೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಪಟ್ಟಿಯಲ್ಲೇ ಅತ್ಯಂತ ಅಗ್ಗದ ವಸ್ತುಗಳಲ್ಲೊಂದು, ಅದನ್ನು ಎಲ್ಲಕ್ಕಿಂತ ಮೊದಲು ಕೊಳ್ಳಬೇಕಿತ್ತು.

ವಿದ್ಯುತ್ತಿನ ಲೆಕ್ಕ ಕೇಳುವವರಿಗೆ: 100 ವಾಟ್ ಹ್ಯಾಲೊಜೆನ್ ಮತ್ತು 39 ವಾಟ್ ಕೊಳವೆ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಸುಮಾರು 50 ಯೂನಿಟ್. ಡಿಮ್ಮಿಂಗ್ ಥರ್ಮೋಸ್ಟಾಟ್ ಇರುವ ಮರದ ಗೂಡಿನಲ್ಲಿ ಅದಕ್ಕಿಂತ ಕಡಿಮೆ.

ತಳಹಾಸು

ಮರಿಯಿರುವಾಗ, ಕಾಯಿಲೆಯಿರುವಾಗ ಅಡುಗೆಮನೆಯ ಕಾಗದ ಸಾಕು. ಹಿಕ್ಕೆಯನ್ನು ನೋಡಿ ಆರೋಗ್ಯ ತಿಳಿಯಬಹುದು. ಬೆಳೆದ ಪ್ರಾಣಿಗೆ ಒರಟು ಮೈಯ ನೆಲಹಂಚು ಒಳ್ಳೆಯದು: ಒರೆಸಲು ಸುಲಭ, ಬಿಸಿ ಹಿಡಿಯುತ್ತದೆ, ಉಗುರು ಸವೆಯುತ್ತದೆ. ಮಣ್ಣು ಮತ್ತು ಆಟದ ಮರಳನ್ನು ಬೆರೆಸಿ ಒದ್ದೆ ಮಾಡಿ ಒತ್ತಿ ಒಣಗಿಸಿದ ನೆಲ ಅದರ ತಾಯ್ನೆಲಕ್ಕೆ ಹತ್ತಿರ, ಅಗೆಯುವ ಆಸೆಯೂ ತೀರುತ್ತದೆ. ಆದರೆ ಬಿಸಿ ಮತ್ತು ಯುವಿಬಿ ಸರಿಯಿರುವ ಆರೋಗ್ಯವಂತ ಪ್ರಾಣಿಗೆ ಮಾತ್ರ, ಏಕೆಂದರೆ ಜೀರ್ಣಶಕ್ತಿ ಕುಂದಿದ್ದಾಗ ನುಂಗಿದ ಮರಳು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. 'ಜೀರ್ಣವಾಗುವ ಕ್ಯಾಲ್ಸಿಯಂ ಮರಳು' ಎಂದು ಮಾರುವುದನ್ನು ಮುಟ್ಟಬೇಡಿ. ಅದನ್ನು ನೆಕ್ಕಿ ತಿನ್ನುವ ಆಸೆ ಪ್ರಾಣಿಗೆ ಹುಟ್ಟುವುದೇ ತೊಂದರೆಯ ಮೂಲ.

ಗೂಡು ಅಡುಗೆಮನೆಯಲ್ಲಿರಬಾರದು, ಅದರ ಪಾತ್ರೆಗಳನ್ನು ಅಡುಗೆಯ ಸಿಂಕಿನಲ್ಲಿ ತೊಳೆಯಬಾರದು. ಆರೋಗ್ಯವಾಗಿರುವ ಸರೀಸೃಪದ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರು ಈ ಪ್ರಾಣಿಯನ್ನು ತರುವ ಮೊದಲೇ ಇದನ್ನು ಯೋಚಿಸಬೇಕು.

ಕರ್ನಾಟಕದಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಉಡ, ಊಸರವಳ್ಳಿ ಮೊದಲಾದ ನಮ್ಮ ಕಾಡಿನ ಪ್ರಾಣಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ; ಅವುಗಳನ್ನು ಹಿಡಿದು ಸಾಕುವುದು ಅಪರಾಧ, ಅವುಗಳಿಗೆ ತಕ್ಕ ಗೂಡೆಂಬುದು ಕಾಡೊಂದೇ. ಹಸಿರು ಇಗ್ವಾನದಂತೆ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಕಾಯಿದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೊಳ್ಳುವ ಮೊದಲು ಕಾಗದಪತ್ರ ಕೇಳಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಡ್ರ್ಯಾಗನ್‌ಗೆ ಪರವಾನಗಿ ಬೇಕಿಲ್ಲ, ಆದರೆ ಪ್ರಾಣಿಗೆ ತಕ್ಕ ಪರಿಸರ ಒದಗಿಸುವುದು 2006ರ ಅನಿಮಲ್ ವೆಲ್‌ಫೇರ್ ಆ್ಯಕ್ಟ್‌ನಂತೆ ಸಾಕುವವರ ಕರ್ತವ್ಯ.

ಯಾವ ಗೂಡನ್ನೇ ತಂದರೂ ಪ್ರಾಣಿಯನ್ನು ಬಿಡುವ ಮೊದಲು ಒಂದು ವಾರ ಅದನ್ನು ಖಾಲಿಯಾಗಿಯೇ ಓಡಿಸಿ. ದೀಪ ಹತ್ತಿಸಿ, ಥರ್ಮೋಸ್ಟಾಟ್ ಹೊಂದಿಸಿ, ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಕಲ್ಲಿನ ಮೇಲೆ, ನಡುವೆ, ತಂಪಿನ ಮೂಲೆಯಲ್ಲಿ ಅಳೆದು ಬರೆದಿಡಿ. ಅಂಕಿಗಳು ಮೂರು ದಿನ ಒಂದೇ ತೆರನಾಗಿ ಬರುವವರೆಗೆ ದೀಪದ ಎತ್ತರವನ್ನೂ ಕಲ್ಲಿನ ಜಾಗವನ್ನೂ ಬದಲಿಸುತ್ತಿರಬೇಕು. ಮರದ ಗೂಡು ತಂದಾಗ ನಾವು ಬರೆದ ಅಂಥ ಹಾಳೆ ಈಗಲೂ ಅದರ ಪಕ್ಕದ ಹಲಗೆಗೆ ಅಂಟಿಕೊಂಡಿದೆ. ಅದರಲ್ಲಿ ಏಳು ದಿನದ ಅಂಕಿಗಳ ಕೆಳಗೆ, ಎಂಟನೆಯ ದಿನದ ಸಾಲಿನಲ್ಲಿ, ಮಗಳ ಅಕ್ಷರದಲ್ಲಿ ಹೀಗಿದೆ: ಕಲ್ಲು 41, ಮೂಲೆ 25, ಕೆಂಚ 212 ಗ್ರಾಂ, ಬೆಳಿಗ್ಗೆ ಒಂಬತ್ತಕ್ಕೇ ಊಟ ಮಾಡಿದ.